ವರ್ನ್ ಟಕೆಟ್‌ನ ಹಳ್ಳದ ಗೇಟು

ಆ ವಾರವಿಡೀ ಮೈಟೆ ಎಚಾನಿಸ್‌ಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ದನ ತುಳಿದು, ಮೇಯ್ದು ಸೊರಗಿದ ಹಳ್ಳಕ್ಕೆ ಮತ್ತೆ ಜೀವ ತರಲು ಕಣಿವೆಯ ಜನ ಕಟ್ಟಿಕೊಂಡಿದ್ದ ಸಂಘದಲ್ಲಿ ಅವಳ ಕೆಲಸ. ಒರೆಗಾನ್‌ನ ಆ ಒಣ ಮೂಲೆಯಲ್ಲಿ ದನ ಸಾಕುವವರ ಮನೆಮನೆ ಬಾಗಿಲು ತಟ್ಟಿ, ಗಂಟಲು ಹರಿದುಕೊಂಡ ಮೇಲೆ ಒಪ್ಪಿದ್ದು ಒಬ್ಬನೇ, ಮುದುಕ ವರ್ನ್ ಟಕೆಟ್. ಹಳ್ಳದ ಅಂಚಿಗೆ ಬೇಲಿ ಹಾಕಿ, ದನ ಹೊರಗಿಟ್ಟು, ಒಳಗೆ ದಡದ ಮಣ್ಣು ಹಿಡಿದಿಡುವ ವಿಲೋ ಗಿಡ ನೆಟ್ಟಿದ್ದರು.

"ಮೂರು ವರ್ಷ ಕಣಮ್ಮ. ಆಮೇಲೆ ಸರಿ ಕಾಣ್ಲಿಲ್ಲ ಅಂದ್ರೆ ಬೇಲಿ ನಾನೇ ಕಿತ್ತು ಬಿಸಾಕ್ತೀನಿ," ಎಂದಿದ್ದ ವರ್ನ್.

ಆ ಮೂರು ವರ್ಷ ಶನಿವಾರಕ್ಕೆ ಮುಗಿಯುವುದಿತ್ತು. ಹಳ್ಳದ ಮೇಲ್ಭಾಗದ ಜಮೀನಿನವರೆಲ್ಲ ಅವನ ಬಾಯಿ ನೋಡುತ್ತಿದ್ದರು. ಅವನು ಬೇಡವೆಂದರೆ ಇನ್ಯಾರೂ ಒಪ್ಪುವುದಿಲ್ಲ, ಹಳ್ಳದ ಕಥೆ ಮುಗಿದಂತೆಯೇ.

ಶುಕ್ರವಾರ ಬೆಳಿಗ್ಗೆ ಮನಸ್ಸು ತಡೆಯದೆ ಮೈಟೆ ಪಿಕಪ್ ಹತ್ತಿ ಹೊರಟಳು. ಹೋಗಿ ನೋಡಿದರೆ ಏನಿದೆ! ಹಳ್ಳ ದಾಟಿ ಆಚೆಯ ಹುಲ್ಲುಗಾವಲಿಗೆ ಹೋಗಲು ವರ್ನ್ ಇಟ್ಟುಕೊಂಡಿದ್ದ ಗೇಟು ಹಾರು ಹೊಡೆದಿತ್ತು. ಹಿಂಡಿಗೆ ಹಿಂಡೇ ಒಳಗೆ. ಭುಜದೆತ್ತರ ಬೆಳೆದಿದ್ದ ವಿಲೋಗಳು ಮೊಣಕಾಲುದ್ದದ ಮೋಟುಗಳಾಗಿದ್ದವು. ನೀರಲ್ಲಿ ಬದುಕುವ ಬೀವರ್ ಪ್ರಾಣಿಗಳು ಕಡ್ಡಿ, ಕೆಸರು ಸೇರಿಸಿ ಕಟ್ಟಿಕೊಂಡಿದ್ದ ಒಡ್ಡಿನ ಮೇಲೆ ಒಂದು ಹಸು ಆರಾಮಾಗಿ ನಿಂತು ಸಗಣಿ ಹಾಕುತ್ತಿತ್ತು. ಮೈಟೆ ಹಾರ್ನ್ ಒತ್ತಿಹಿಡಿದು, ಅಜ್ಜಿಯಿಂದ ಕಲಿತ ಬಾಸ್ಕ್ ಭಾಷೆಯ ಬೈಗುಳಗಳನ್ನೆಲ್ಲ ಒಂದೂ ಉಳಿಸದೆ ಬೈದಳು.

ಸದ್ದು ಕೇಳಿ ವರ್ನ್ ನಾಯಿ ಸಮೇತ ಬಂದ. ಇಬ್ಬರೂ ಸೇರಿ ದನಗಳನ್ನು ಹೊರಗಟ್ಟುವಷ್ಟರಲ್ಲಿ ಏದುಸಿರು ಬಂದಿತ್ತು.

"ಇನ್ನೊಂದು ದಿನ ಕಾಯಕ್ಕೆ ಆಗ್ಲಿಲ್ವಾ ನಿಮಗೆ?" ಮೈಟೆ ಕೂಗಾಡಿದಳು. "ಬೇಡ ಅಂದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು!"

"ನಾನ್ಯಾಕೆ ತೆಗೀಲಿ? ನಿನ್ನೆ ಬಂದಾಗ್ಲೇ ತೆಗೆದಿತ್ತು. ದನ ಆಗ ಗುಡ್ಡದ ಮೇಲಿದ್ವು. ವರ್ಷಕ್ಕೊಂದ್ಸಲ ಒಂದೆರಡು ದಿನ ಒಳಗೆ ಮೇಯಿಸಿದ್ರೆ ಹುಲ್ಲಿಗೆ ಒಳ್ಳೇದು ಅಂತ ನಿಮ್ಮ ಸಂಘದವ್ರೇ ಕೊರೀತಿದ್ರಲ್ಲ, ನೀನೇ ತೆಗೆದಿದೀಯ ಅಂದ್ಕೊಂಡೆ."

"ಮುಚ್ಚಬಾರದಿತ್ತಾ?"

"ತೆಗೆದಿರೋ ಗೇಟನ್ನ? ನಮ್ಮಪ್ಪ ಇದ್ದಿದ್ರೆ ಬೆಲ್ಟ್ ಬಿಚ್ತಿದ್ದ!"

ಗೇಟು ಹೇಗಿತ್ತೋ ಹಾಗೇ ಬಿಡಬೇಕು ಎಂಬುದು ಆ ಸೀಮೆಯಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲೇ ಕಲಿಯುವ ಪಾಠ. ತೆಗೆದಿದ್ದನ್ನು ಮುಚ್ಚಿದರೆ ಯಾರದೋ ದನ ನೀರಿಲ್ಲದೆ ಸತ್ತೀತು. ಬುಧವಾರ ಸಂಜೆ ಮೈಟೆಯೂ ಇದೇ ದಾರಿಯಲ್ಲಿ ಹೋಗಿದ್ದಳು. ಗೇಟು ತೆಗೆದಿತ್ತು. ಅವನ ಜಮೀನು, ಅವನ ಗೇಟು ಎಂದುಕೊಂಡು ಮುಂದೆ ಹೋಗಿದ್ದಳು. ಎಂಥ ಮರ್ಯಾದಸ್ಥರು ನೋಡಿ ಇಬ್ಬರೂ! ಮೊದಲು ತೆಗೆದ ಪುಣ್ಯಾತ್ಮ ಮೀನು ಹಿಡಿಯಲು ಬಂದವನೋ, ಬೇಟೆಗೆ ಬಂದವನೋ, ಯಾರಿಗೂ ತಿಳಿಯಲಿಲ್ಲ.

"ನಾನೂ ನೋಡಿದ್ದೆ," ಎಂದಳು ಮೆಲ್ಲಗೆ. "ಬುಧವಾರಾನೇ. ಹಂಗೇ ಬಿಟ್ಟು ಹೋದೆ."

"ಭೇಷ್! ನಿಮ್ಮಜ್ಜ ಚೆನ್ನಾಗೇ ಬುದ್ಧಿ ಕಲಿಸಿದಾನೆ." ವರ್ನ್ ಅಂದನೇ ಹೊರತು ನಗಲಿಲ್ಲ. ಮೋಟುಗಳ ನಡುವೆ ಸುಮ್ಮನೆ ಅಡ್ಡಾಡಿದ. ಆಮೇಲೆ ತನ್ನ ಗಾಡಿಯಿಂದ ಸುತ್ತಿಗೆ, ಇಕ್ಕಳ ತಂದು ಗೇಟನ್ನು ಕೀಲಿನಿಂದ ಬಿಚ್ಚತೊಡಗಿದ.

ಮೈಟೆ ಅವನ ಬಳಿಗೆ ಓಡಿದಳು. ಬೇಲಿ ಕೀಳುವುದಕ್ಕೆ ಶುರುವಿಟ್ಟೇಬಿಟ್ಟನಲ್ಲ! "ವಿಲೋ ಬುಡದಿಂದ ಮತ್ತೆ ಚಿಗುರುತ್ತೆ ವರ್ನ್. ಇನ್ನೊಂದೇ ಒಂದು ವರ್ಷ ಕೊಡಿ. ನಿಮ್ಮ ದಮ್ಮಯ್ಯ."

ಅವನು ಗೇಟನ್ನು ಗಾಡಿಗೆ ಎಸೆದು, ಮುಳ್ಳುತಂತಿಯ ಸುರುಳಿ ಎಳೆದು ತಂದ.

"ಈ ತುದಿ ಹಿಡ್ಕೋ."

ಗೇಟಿದ್ದ ಜಾಗಕ್ಕೆ ಅಡ್ಡಲಾಗಿ ಕಂಬದಿಂದ ಕಂಬಕ್ಕೆ ತಂತಿ ಎಳೆದು ಮೊಳೆ ಹೊಡೆದ. ಅದರ ಮೇಲೆ ಇನ್ನೊಂದು ಸಾಲು. ಅವನು ಮಾಡುತ್ತಿರುವುದೇನೆಂದು ಮೈಟೆಗೆ ಹೊಳೆದದ್ದು ಆಗಲೇ.

"ಗೇಟಿಲ್ದೆ ನೀವು ಆಚೆಗೆ ಹೆಂಗೆ ಹೋಗ್ತೀರಾ?"

"ಹೈವೇ ಸೇತುವೆ ಸುತ್ಕೊಂಡು."

"ಅಷ್ಟು ದೂರ? ದಿನಾನಾ?"

"ಬಿಗಿಯಾಗಿ ಹಿಡ್ಕೊಳೇ," ಎಂದ ವರ್ನ್, ಮೂರನೇ ಸಾಲಿಗೆ ಬಗ್ಗುತ್ತ. "ಮಾತಾಡ್ತಾ ತಂತಿ ಸಡ್ಲ ಬಿಡ್ತಿದೀಯ."