ನಿಧಾನದವರು ಮುಂದೆ

ಹರಕೆ ಹೊತ್ತದ್ದು ಅತ್ತೆ, ನಡೆಯಬೇಕಾದದ್ದು ಇಬ್ಬರೂ. ಮಗ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವನು ಎದ್ದು ಓಡಾಡುವಂತಾದರೆ ಅತ್ತೆ ಸೊಸೆ ಇಬ್ಬರೂ ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಬರುತ್ತೇವೆ ಎಂದು ನನ್ನನ್ನು ಒಂದು ಮಾತೂ ಕೇಳದೆ ದೇವರಿಗೆ ಹೇಳಿಬಿಟ್ಟಿದ್ದರು. ನನ್ನ ಗಂಡ ಏಳಲಿಲ್ಲ. ವರ್ಷ ಕಳೆದು, ನಾನು ಇನ್ನೊಂದು ಮದುವೆಗೆ ಹೂಂ ಅಂದ ವಾರದಲ್ಲೇ ಅತ್ತೆ ಆ ಹರಕೆಯ ಮಾತೆತ್ತಿದರು.

"ಅವರೇ ಹೋದ ಮೇಲೆ ಇನ್ಯಾವ ಹರಕೆ ಅತ್ತೆ?" ಎಂದೆ.

"ದೇವರು ಮಾತು ತಪ್ಪಿದ ಅಂತ ನಾವೂ ತಪ್ಪಬೇಕಾ?" ಎಂದರು. "ಇದೊಂದು ಮುಗಿಸಿಕೊಡು. ಆಮೇಲೆ ನಿನ್ನ ದಾರಿ ನಿನಗೆ."

ನಾವಿಬ್ಬರೂ ಇದ್ದದ್ದು ಲಾಂಡ್ರಿಯ ಮೇಲಿನ ಒಂದೇ ಕೋಣೆಯಲ್ಲಿ. ಕೆಳಗೆ ನಾನು ಇಸ್ತ್ರಿ ಮಾಡುತ್ತಿದ್ದೆ. ಮೇಲೆ ಕಿಟಕಿ ಪಕ್ಕ ಕೂತು ಅತ್ತೆ ಗಿರಾಕಿಗಳ ಅಂಗಿಗಳಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತಿದ್ದರು. ಲಾಂಡ್ರಿ ಯಜಮಾನಿ ತಂದ ಸಂಬಂಧ ಅದು, ಬಂದರಿನ ಊರಿನ ಬೇಕರಿಯವರದು. ಹೆಂಡತಿ ತೀರಿಕೊಂಡಿದ್ದ, ಮೆತ್ತಗೆ ಮಾತಾಡುವ ಮನುಷ್ಯ. ನನಗೆ ಹೋಗಬೇಕು ಅನಿಸಿತ್ತು. ಸುಳ್ಳು ಯಾಕೆ ಹೇಳಲಿ, ತುಂಬಾ ಅನಿಸಿತ್ತು. ಆ ಕೋಣೆಯಲ್ಲಿ ದಿನಾ ಸತ್ತವರ ಮಾತು ಕೇಳಿ ಕೇಳಿ ನನ್ನ ಜೀವ ಬತ್ತಿಹೋಗಿತ್ತು.

ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಹೊರಟ ನಮ್ಮ ಗುಂಪನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಅವರದು ಒಂದೇ ಕಟ್ಟಳೆ. "ನಿಧಾನದವರು ಮುಂದೆ. ಅವರ ಹೆಜ್ಜೆನೇ ಎಲ್ಲರ ಹೆಜ್ಜೆ. ಹಿಂದೆ ಬಿಟ್ರೆ ಅವರು ದಾರಿಯಲ್ಲೇ ಉಳಿದುಬಿಡ್ತಾರೆ." ಮೊದಮೊದಲು ಎಲ್ಲರೂ ಇದಕ್ಕೆ ತಲೆಯಾಡಿಸಿದರು. ಆಗ ಅಂಗಾಲಲ್ಲಿ ಬೊಬ್ಬೆ ಎದ್ದಿರಲಿಲ್ಲ, ಲಾರಿಗಳ ಧೂಳು ಗಂಟಲಿಗೆ ಇಳಿದಿರಲಿಲ್ಲ. ಅತ್ತೆ ಬಲ ಮಂಡಿ ಹಿಡಿದುಕೊಂಡು ಕೂತ ದಿನದಿಂದ ಅವರೇ ಮುಂದಾದರು. ಕೋಲು ಊರಿ ಒಂದು ಹೆಜ್ಜೆ, ನಿಟ್ಟುಸಿರು, ಇನ್ನೊಂದು ಹೆಜ್ಜೆ. ಹಿಂದಿನವರು ಗೊಣಗತೊಡಗಿದರು. ಕೊನೆಗೆ ಪೋಸ್ಟ್‌ಮ್ಯಾನೇ ಬಂದು ಕೈಮುಗಿದರು. "ತಾಯೀ, ಎಲ್ಲರಿಗೂ ರಜೆ ಮುಗೀತಾ ಬಂತು. ನೀವು ನಿಧಾನವಾಗಿ ಬನ್ನಿ." ಅವರ ಕಟ್ಟಳೆ ಅಷ್ಟಕ್ಕೇ ಗಾಳಿಗೆ ಹೋಯಿತು.

ಉಳಿದವರು ನಾವಿಬ್ಬರೇ. ಹಗಲು ಟಾರಿನ ಬಿಸಿ, ರಾತ್ರಿ ಯಾವುದೋ ಯಾತ್ರಿಕರ ತಂಗುದಾಣದ ಸಿಮೆಂಟು ನೆಲ. ನಡುವೆ ಒಳ್ಳೆಯ ಗಳಿಗೆಗಳೇ ಇರಲಿಲ್ಲ ಎನ್ನಲಾರೆ. ಒಮ್ಮೆ ಕೆರೆ ದಂಡೆಯಲ್ಲಿ ಬಾತುಕೋಳಿಗಳು ಅಡ್ಡ ಬಂದಾಗ ಅತ್ತೆ, "ನಿನ್ನ ಗಂಡ ಚಿಕ್ಕೋನಿದ್ದಾಗ ಇವನ್ನ ಕಂಡ್ರೆ ಚಡ್ಡಿ ಒದ್ದೆ ಮಾಡ್ಕೋತಿದ್ದ" ಎಂದರು. ಅಷ್ಟು ದೊಡ್ಡ ಲಾರಿ ಓಡಿಸಿದ ಮನುಷ್ಯ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೋಲು ಎತ್ತಿಕೊಂಡರು.

ಸಂಜೆಯಾದರೆ ಬೇಕರಿಯವರ ಫೋನು. ಮೊದಲು, "ಹುಷಾರು, ನಿಧಾನವಾಗಿ ಬನ್ನಿ" ಅನ್ನುತ್ತಿದ್ದರು. ಆಮೇಲೆ, "ಏನ್ರೀ, ನಿಮ್ಮ ಬೆಟ್ಟ ಹಿಂದಕ್ಕೆ ನಡೀತಾ ಇದೆಯಾ?" ಎಂದು ನಕ್ಕರು. ಆಮೇಲೆ ನಗಲಿಲ್ಲ. "ರಿಜಿಸ್ಟರ್ ಮದುವೆ ಒಂದ್ಸಲ ಮುಂದೆ ಹಾಕಿದ್ದಾಯ್ತು. ಇನ್ನೊಂದ್ಸಲ ಅಂದ್ರೆ ನಮ್ಮಮ್ಮ ಒಪ್ಪಲ್ಲ" ಎಂದರು. ಫೋನು ಇಟ್ಟು ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಲು ಕೂರುತ್ತಿದ್ದೆ. ದಿನಾ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ನನ್ನದು, ಅದೂ ಸೋತುಹೋಗಿತ್ತು.

ಒಂದು ದಿನ ಮಧ್ಯಾಹ್ನ ಮುಲಾಮು ತರಲು ಔಷಧಿ ಅಂಗಡಿಗೆ ಹೋದೆ. ಅಂಗಡಿ ಮುಚ್ಚಿತ್ತು, ಹಾಗಾಗಿ ಬೇಗ ಹಿಂದಿರುಗಿದೆ. ತಂಗುದಾಣದ ಹಿತ್ತಲಲ್ಲಿ ಅತ್ತೆ ಎರಡು ಕೈಯಲ್ಲಿ ಎರಡು ಬಕೆಟ್ ನೀರು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಕೋಲು ಗೋಡೆಗೆ ಒರಗಿತ್ತು. ಬಟ್ಟೆ ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿ, ಚಕಚಕನೆ ಇಳಿದು ಇನ್ನೆರಡು ಬಕೆಟ್ ಒಯ್ದರು. ನಾನು ಬಾಗಿಲ ಮರೆಯಲ್ಲೇ ನಿಂತುಬಿಟ್ಟೆ.

ಆ ಸಂಜೆ ಬೇಕೆಂದೇ ಬಲ ಮಂಡಿ ಬಿಟ್ಟು ಎಡ ಮಂಡಿ ಹಿಡಿದು ಎಣ್ಣೆ ತಿಕ್ಕಿದೆ.

"ಅಯ್ಯಯ್ಯೋ, ಮೆಲ್ಲಗೆ ಕಣೇ," ಎಂದು ಅತ್ತೆ ಕಣ್ಣು ಮುಚ್ಚಿ ನರಳಿದರು. "ಅಲ್ಲೇ, ಅಲ್ಲೇ ನೋವು."

ನನಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಗಂಟು ಹೊತ್ತವಳೇ ಒಂದೇ ಸಮನೆ ನಡೆದೆ. ಹಿಂದಿರುಗಿ ನೋಡಲಿಲ್ಲ. ಕರೆದದ್ದು ಕೇಳಿಸಿತು, ಕಿವಿಗೆ ಹಾಕಿಕೊಳ್ಳಲಿಲ್ಲ. ಸೇತುವೆ ದಾಟಿ ಕಲ್ಲಿನ ಮೇಲೆ ಕೂತು, ಇನ್ನು ಮಧ್ಯಾಹ್ನದ ತನಕ ಕಾಯಬೇಕು ಅಂದುಕೊಂಡೆ. ಬೆವರು ಆರುವಷ್ಟರಲ್ಲಿ ಅತ್ತೆ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಸೆರಗು ಬಿಗಿದು, ಓಡುತ್ತಾ ಬಂದರು.

"ಮಂಡಿ ವಾಸಿಯಾಯ್ತಾ ಅತ್ತೆ?"

ಅತ್ತೆ ಕೋಲು ಕೆಳಗಿಟ್ಟರು. ಪಕ್ಕದಲ್ಲಿ ಕೂತು ಉಸಿರು ಸುಧಾರಿಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಬೆಟ್ಟ ಬಂದುಬಿಟ್ರೆ ನೀನು ನನ್ನ ಸೊಸೆ ಅಲ್ಲ ಕಣೇ. ಇನ್ನು ನಾಲ್ಕು ದಿನ ಇರಲಿ ಅನಿಸ್ತು."

ಬೈಯಬೇಕೆಂದು ಬೆಳಿಗ್ಗೆಯಿಂದ ಜೋಡಿಸಿಟ್ಟ ಮಾತೆಲ್ಲ ಬಾಯಲ್ಲೇ ಒಣಗಿತು. "ಬಂದು ನೋಡ್ಕೊಂಡು ಹೋಗ್ತೀನಲ್ಲ" ಎಂದೆ.

"ಬರಬೇಡ," ಎಂದರು. "ಹೊಸ ಮನೆಯವರಿಗೆ ಅದು ಚೆನ್ನಾಗಿ ಕಾಣಲ್ಲ. ಏಳು, ಹೊತ್ತಾಯ್ತು."

ಅಲ್ಲಿಂದ ಮುಂದೆ ಅತ್ತೆ ನಡೆದ ವೇಗ ಕಂಡಿದ್ದರೆ ಪೋಸ್ಟ್‌ಮ್ಯಾನ್ ಕೂಡ ಬೆಚ್ಚಿಬೀಳುತ್ತಿದ್ದರು. ನನ್ನ ಕಾಲೇ ಏಳುತ್ತಿರಲಿಲ್ಲ. ನೀರು ಕುಡಿಯುವ ನೆಪ, ಚಪ್ಪಲಿಯ ನೆಪ, ನಿಂತು ನಿಂತು ಬಂದೆ. ಅತ್ತೆ ತಿರುಗಿ ನಿಂತು, "ಬಾ, ಬಾ, ಅವರು ಕಾಯ್ತಾ ಇರ್ತಾರೆ" ಎಂದು ಕರೆಯುತ್ತಿದ್ದರು. ನನಗೆ ಅಳು ಬರುತ್ತಿತ್ತು. ಆದರೂ ಆ ಮದುವೆ ಬೇಡ ಎನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

ಬೆಟ್ಟದ ಮೇಲೆ ನೂಕುನುಗ್ಗಲು. ಕಂಬಿಗಳ ನಡುವೆ ತಳ್ಳಿಸಿಕೊಂಡು ಹೋಗಿ, ಕೈ ಜೋಡಿಸುವಷ್ಟರಲ್ಲಿ ಯಾರೋ ನಮ್ಮನ್ನು ಇನ್ನೊಂದು ಬಾಗಿಲಿಂದ ಹೊರಗೆ ದಾಟಿಸಿದ್ದರು. "ಏನು ಕೇಳಿಕೊಂಡ್ರಿ?" ಎಂದೆ. "ಏನೂ ಇಲ್ಲ," ಎಂದರು ಅತ್ತೆ. "ಆಯ್ತಪ್ಪಾ, ಬಂದ್ವಿ ಅಂದೆ, ಅಷ್ಟೆ."

ವಾಪಸ್ಸು ಬರುವುದು ಬಸ್ಸಿನಲ್ಲಿ. ಬಂದರಿನ ಊರಿನ ತಿರುವಿನಲ್ಲಿ ಬೇಕರಿಯವರು ಕಾಯುತ್ತಿದ್ದರು. ಅಲ್ಲಿಗೆ ನನಗೊಂದು ಟಿಕೆಟ್, ಕೊನೆಯ ಸ್ಟಾಪಿಗೆ ಅತ್ತೆಗೊಂದು. ಡ್ರೈವರ್ ಹಿಂದಿನ ಸೀಟು ಸಿಕ್ಕಿತು, ಅತ್ತೆ ಕಿಟಕಿಗೆ ಮುಖವಿಟ್ಟು ಕೂತರು.

"ನೋಡು, ಸೇತುವೆ" ಎಂದರು. ನಾನು ತಿರುಗುವಷ್ಟರಲ್ಲಿ ಸೇತುವೆ ಹೋಗಿತ್ತು. ಅತ್ತೆ ಬಕೆಟ್ ಹೊತ್ತು ಹತ್ತಿದ ಮೆಟ್ಟಿಲಿನ ತಂಗುದಾಣ ಒಂದು ಹಾರ್ನ್ ಹೊಡೆಯುವಷ್ಟರಲ್ಲಿ ಹಿಂದೆ ಬಿತ್ತು. ದಿನಗಟ್ಟಲೆ ಅತ್ತೆ ಎಳೆದೂ ಎಳೆದೂ ಉಳಿಸಿಕೊಂಡ ದಾರಿಯನ್ನೆಲ್ಲ ಬಸ್ಸು ಸಂಜೆಯೊಳಗೆ ನುಂಗಿಹಾಕುತ್ತಿತ್ತು. ಕೆರೆ ಕಾಣಿಸಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬಾತುಕೋಳಿಗಳಿದ್ದವೋ ಇಲ್ಲವೋ, ಕಾಣಲಿಲ್ಲ. ಅತ್ತೆ ಮುಂದಕ್ಕೆ ಬಾಗಿದರು.

"ಅಪ್ಪಾ, ಸ್ವಲ್ಪ ನಿಧಾನ ಓಡಿಸಪ್ಪಾ."

"ಯಾಕಜ್ಜೀ," ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ. "ಭಯ ಆಗ್ತಿದೆಯಾ?"

"ಹೂಂ ಕಣಪ್ಪಾ," ಎಂದರು ಅತ್ತೆ. "ಭಯ ಆಗ್ತಿದೆ."

ಡ್ರೈವರ್ ಗೇರು ಬದಲಿಸಿದ. ಮುಂದಿನದು ಬಂದರಿನ ಊರಿನ ತಿರುವು ಎಂದು ಕಂಡಕ್ಟರ್ ಕೂಗಿ ಹೇಳಿದ.