ಲೋಟದಲ್ಲಿದ್ದ ಹಾಲು

ಪೆಟ್ಟಿಗೆಯ ಮುಚ್ಚಳಕ್ಕೆ ಮೇಸ್ತ್ರಿ ಎರಡನೇ ಕೈ ಪಾಲಿಶ್ ಎಳೆಯುತ್ತಿದ್ದ. ಎಳೆದಲ್ಲೆಲ್ಲ ಪಟ್ಟೆ ಪಟ್ಟೆ ಏಳುತ್ತಿತ್ತು.

ಈಗಲೇ ಹೇಳಿಬಿಡುತ್ತೇನೆ, ಮಧ್ಯೆ ಬಾಯಿ ಹಾಕಬೇಡಿ. ಬೆಳಿಗ್ಗೆ ಮಾತ್ರೆ ನುಂಗಿದ್ದೇ ನೆನಪಿಲ್ಲದ ಮುದುಕನಿಗೆ ಒಂಬತ್ತು ವರ್ಷದ ಹಿಂದಿನ ಪಟ್ಟೆ ಹೇಗೆ ನೆನಪಿರುತ್ತದೆ ಎಂದು ನಿಮ್ಮಲ್ಲಿ ಯಾರೋ ನಕ್ಕಿರಂತೆ. ಮಾತ್ರೆ ಮರೆತರೆ ನನ್ನ ಪ್ರಾಣ ಹೋಗುತ್ತದೆ, ಅಷ್ಟೇ ತಾನೆ. ಇದನ್ನು ಮರೆತರೆ ಇನ್ನೊಬ್ಬನ ಮಾನ ಹೋಗುತ್ತದೆ. ಅದಕ್ಕೇ ಮರೆತಿಲ್ಲ. ನಂಬದವರು ಫೋನು ಕೆಳಗಿಟ್ಟು ಎದ್ದು ಹೋಗಿ. ಕೇಳುವವರು ಕೊನೆಯವರೆಗೆ ಕೇಳಿ. ಕೊನೆಯಲ್ಲಿ ನಿಮಗೊಂದು ಕೆಲಸ ಹೇಳುವುದಿದೆ.

ಪಾಲಿಶ್ ಹಾಕುವುದು ಮೇಸ್ತ್ರಿಯ ಕಸುಬಲ್ಲ. ಅವನು ಬಡಗಿ. ಮೂವತ್ತು ವರ್ಷ ಅವನು ಮಾಡಿದ ಮೇಜು, ಕಪಾಟು, ಮಂಚಗಳಿಗೆಲ್ಲ ಪಾಲಿಶ್ ಹಾಕಿದವನು ಈಗ ಎರಡು ಬೀದಿ ಆಚೆ, ತನ್ನ ಮನೆಯ ಮುಂದಿನ ಕೋಣೆಯಲ್ಲಿ, ಮುಚ್ಚಳವಿಲ್ಲದ ಪೆಟ್ಟಿಗೆಯೊಳಗೆ ಮಲಗಿದ್ದ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕನ್ನಡಿ ಎಂದು. ಕೆಲಸ ಮುಗಿದ ಮೇಲೆ ಮರದ ಮೇಲೆ ಬಗ್ಗಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಕೂದಲು ಒಂದೊಂದಾಗಿ ಕಂಡರೆ ಮಾಲು ಹೊರಗೆ ಹೋಗಬಹುದು. ಇಲ್ಲದಿದ್ದರೆ ಇನ್ನೊಂದು ಕೈ ಬಳಿಯುತ್ತಿದ್ದ.

ಮೇಸ್ತ್ರಿ ಮುಚ್ಚಳದ ಮೇಲೆ ಬಗ್ಗಿದ. ಮುಖ ಕಾಣಲಿಲ್ಲ. ಕಪ್ಪಗೆ ಒಂದು ಮುದ್ದೆ ಕಂಡಿತು.

"ಸಾಕು ಬಿಡೋ, ಅವನೇನು ಎದ್ದು ಬಂದು ನೋಡ್ತಾನಾ," ಎಂದ ಬಾಗಿಲಲ್ಲಿ ನಿಂತಿದ್ದ ಕುಶನ್. ಸೋಫಾಗಳಿಗೆ ಬಟ್ಟೆ ಹೊಲಿದು ಗಾದಿ ಕೂರಿಸುವವನು, ಆ ಮರಗೆಲಸದ ಶೆಡ್ಡಿನ ಮೂರನೆಯವ.

"ನೋಡಿದ್ರೆ ಒದೀತಾನೆ."

"ಒದೆಯೋ ಕಾಲು ನಿನ್ನೇನೇ ತಣ್ಣಗಾಯ್ತು." ಕುಶನ್ ದನಿ ಇಳಿಸಿದ. "ಆ ಲೋಟದ ವಿಷ್ಯ..."

"ಯಾವ ಲೋಟ?"

"ಸರಿ ಬಿಡು. ಯಾವ ಲೋಟಾನೂ ಇಲ್ಲ."

ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಶೆಡ್ಡಿಗೆ ಬಂದಾಗ ಕನ್ನಡಿ ತನ್ನ ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿದ್ದ. ಪಕ್ಕದಲ್ಲಿ ಪಾಲಿಶ್ ಸೀಸೆ. ಸೀಸೆಯ ಪಕ್ಕ ಗಾಜಿನ ಲೋಟ, ಅರ್ಧಕ್ಕೆ ಬಿಳಿ. ನೆಲದ ಮೇಲೂ ಒಂದಿಷ್ಟು ಬಿಳಿ ಚೆಲ್ಲಿತ್ತು. ಡಾಕ್ಟರಿಗೆ ಹೇಳಿಕಳಿಸುವ ಮೊದಲು ಮೇಸ್ತ್ರಿ ಮಾಡಿದ ಕೆಲಸ ಇಷ್ಟು: ಲೋಟವನ್ನು ಮೂಗಿನ ಹತ್ತಿರವೂ ತರದೆ, ಮುಖ ತಿರುಗಿಸಿಕೊಂಡು ಚರಂಡಿಗೆ ಸುರಿದ. ಒಂದು ಬಟ್ಟೆ ತೆಗೆದು ನೆಲ ಒರೆಸಿದ. ಬಟ್ಟೆಯನ್ನು ಹಲಗೆಗಳ ಹಿಂದೆ ತುರುಕಿದ. ಡಾಕ್ಟರು ಬಂದರು, ಎದೆ ನಿಂತಿದೆ ಅಂದರು, ವಯಸ್ಸು ಬರೆದುಕೊಂಡರು, ಹೋದರು.

ಗೆಳೆಯನ ಮಾನ ಉಳಿಸಿದೆ ಎಂದುಕೊಂಡ ಮೇಸ್ತ್ರಿ.

*

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಪಾಲಿಶ್. ಬಣ್ಣ ಜೇನಿನದು. ಅದಕ್ಕೆ ನೀರು ಬಿದ್ದರೆ ಬೆಳ್ಳಗಾಗಿ ಹಾಲಿನ ಹಾಗೆ ಕಾಣುತ್ತದೆ. ಕನ್ನಡಿ ಕುಡಿಯುತ್ತಿದ್ದದ್ದು ಅದನ್ನೇ. ಶೆಡ್ಡಿನಲ್ಲಿ ಅದರ ಹೆಸರೂ ಹಾಲು ಎಂದೇ. ಕನ್ನಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಹಾಲು ಕುಡೀತಿದಾನೆ, ಬೆಳೆಯೋ ಮಗು ನೋಡಿ," ಎನ್ನುತ್ತಿದ್ದ ಕುಶನ್. ಎಲ್ಲರೂ ನಗುತ್ತಿದ್ದರು. ಮೇಸ್ತ್ರಿಯೂ ನಗುತ್ತಿದ್ದ.

ಕನ್ನಡಿಯ ಮಗಳಿಗೆ ಆಗ ಆರು ವರ್ಷ. ಒಂದು ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ತಂದಳು. ಬಿಸಿಲಲ್ಲಿ ನಡೆದು ಬಂದವಳಿಗೆ ಬಾಯಾರಿತ್ತು. ಬೆಂಚಿನ ಮೇಲೆ ಬಿಳಿ ಲೋಟವಿತ್ತು.

"ಅಪ್ಪಾ, ಹಾಲು ಕುಡೀಲಾ?"

ಕನ್ನಡಿ ಆ ಕಡೆ ತಿರುಗಿ ಕಪಾಟಿನ ಬಾಗಿಲು ಉಜ್ಜುತ್ತಿದ್ದ. ಅಮಲಿನಲ್ಲೇ "ಹ್ಞೂಂ" ಎಂದ. ಮಗು ಒಂದೇ ಗುಕ್ಕಿಗೆ ಅರ್ಧ ಕುಡಿದು ಕೆಮ್ಮತೊಡಗಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮಗು ಏನು ಕುಡಿಯಿತು ಎಂದು ಕೇಳಿದಾಗ ಕನ್ನಡಿ ಮೇಸ್ತ್ರಿಯ ಮುಖ ನೋಡಿದ. ಪೊಲೀಸು, ಕೆಲಸ, ಹೆಂಡತಿ, ಎಲ್ಲ ಆ ನೋಟದಲ್ಲಿತ್ತು.

"ಹಾಲು ಸಾರ್," ಎಂದ ಮೇಸ್ತ್ರಿ. "ಕೆಟ್ಟಿತ್ತೇನೋ."

ಕೆಟ್ಟ ಹಾಲಿಗೆ ಕೊಡುವ ಔಷಧಿ ಕೊಟ್ಟರು. ಸಂಜೆ ಮಗು "ದೀಪ ಹಾಕಿ" ಎಂದಿತು. ದೀಪ ಉರಿಯುತ್ತಲೇ ಇತ್ತು. ಆಗ ಗೆಳೆಯರಿಬ್ಬರೂ ಡಾಕ್ಟರಿಗೆ ನಿಜ ಹೇಳಿದರು. ಬಲಗಣ್ಣು ಉಳಿಯಿತು. ಎಡಗಣ್ಣು ಉಳಿಯಲಿಲ್ಲ.

ಅವತ್ತೇ ಕನ್ನಡಿ ಕುಡಿತ ಬಿಟ್ಟ ಎಂದು ಹೇಳಿದರೆ ನಿಮಗೆ ಹಿತವಾಗಿರುತ್ತಿತ್ತು. ಬಿಡಲಿಲ್ಲ. ಮಗು ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನ ತೊಟ್ಟೂ ಮುಟ್ಟಲಿಲ್ಲ. ಮನೆಗೆ ಬಂದ ದಿನ ಸಂತೋಷ ತಡೆಯಲಾರದೆ ಕುಡಿದು ಬಾಗಿಲಲ್ಲೇ ಬಿದ್ದ. ಆಮೇಲೆ ಹದಿನೇಳು ವರ್ಷ ಕುಡಿದ. ಹೆಂಡತಿ ತೀರಿಕೊಂಡಳು. ಮಗಳು ಮದುವೆಯಾಗಿ ದೂರದ ಊರಿಗೆ ಹೋದಳು. ಅಪ್ಪನನ್ನು ಮದುವೆಗೆ ಕರೆಯಲಿಲ್ಲ.

ಬಿಟ್ಟದ್ದು ಒಂದು ಮೇಜಿನ ಮುಂದೆ. ಆರನೇ ಕೈ ಮುಗಿಸಿ ಬಗ್ಗಿ ನೋಡಿ, "ಪಾಲಿಶ್ ಕೆಟ್ಟೋಗಿದೆ ಕಣೋ, ಮೀಸೆ ಕಾಣ್ತಿಲ್ಲ," ಎಂದ. ಮೇಸ್ತ್ರಿ ಬಂದು ಬಗ್ಗಿದ. ತನ್ನ ಹುಬ್ಬಿನ ನರೆಗೂದಲು ಕೂಡ ಕಂಡಿತು.

"ಪಾಲಿಶ್ ಕೆಟ್ಟಿಲ್ಲ," ಎಂದ ಮೇಸ್ತ್ರಿ.

ಕನ್ನಡಿ ಬಹಳ ಹೊತ್ತು ಆ ಮೇಜನ್ನು ಕೈಯಿಂದ ಸವರುತ್ತಾ ಕುಳಿತಿದ್ದ. ಆಮೇಲೆ ಹನ್ನೊಂದು ದಿನ ಮೇಸ್ತ್ರಿಯ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆ ಕೆರೆದ, ವಾಂತಿ ಮಾಡಿಕೊಂಡ, ಬೈದ, ಕಾಲು ಹಿಡಿದ. ಹನ್ನೆರಡನೇ ದಿನ ಶೆಡ್ಡಿಗೆ ಬಂದು ಸ್ಪಿರಿಟ್ ಕ್ಯಾನನ್ನು ಮೇಸ್ತ್ರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದ. ಅಂದಿನಿಂದ ದಿನಕ್ಕೆ ಬೇಕಾದಷ್ಟು ಪಾಲಿಶನ್ನು ಮೇಸ್ತ್ರಿಯೇ ಕಲಸಿ ಕೊಡುತ್ತಿದ್ದ. ಏಳು ವರ್ಷ ಹಾಗೇ ನಡೆಯಿತು. ಆ ಏಳು ವರ್ಷ ಕನ್ನಡಿ ನಿಜವಾದ ಹಾಲನ್ನೂ ಮುಟ್ಟಲಿಲ್ಲ. ಚಹಾ ಕಪ್ಪಗೆ ಕುಡಿಯುತ್ತಿದ್ದ. ಯಾರಾದರೂ ಬಿಳಿ ಲೋಟ ಹಿಡಿದು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ಆದರೆ ಕಸುಬಿನ ವಾಸನೆ ಎಲ್ಲಿಗೆ ಹೋಗುತ್ತದೆ? ಅಂಗಿ, ಉಗುರು, ತಲೆಗೂದಲು, ಎಲ್ಲ ಸ್ಪಿರಿಟ್. ಐದನೇ ವರ್ಷ ನೋಡಲು ಬಂದ ಮಗಳು ಹೊಸ್ತಿಲಲ್ಲೇ ಮೂಗಿಗೆ ಸೆರಗು ಹಿಡಿದು ಹಿಂದಿರುಗಿದಳು. ಅವಳನ್ನು ನಂಬಿಸಲು ಮೇಸ್ತ್ರಿಗೆ ಮತ್ತೆ ಎರಡು ವರ್ಷ ಹಿಡಿಯಿತು. ಕೊನೆಗೆ ಅವಳೇ ಫೋನು ಮಾಡಿ, ಅಪ್ಪ ಇಲ್ಲಿಗೇ ಬಂದು ಇರಲಿ ಅಂದಳು. ಬರುವ ಭಾನುವಾರ ಹೊರಡುವುದಿತ್ತು. ಕನ್ನಡಿ ಹೊಸ ಅಂಗಿ ಹೊಲಿಸಿದ್ದ. ಅದಕ್ಕೆ ವಾಸನೆ ಹತ್ತಬಾರದೆಂದು ಕುಶನ್‌ನ ಮನೆಯಲ್ಲಿ ಇಟ್ಟಿದ್ದ.

ಸತ್ತದ್ದು ಗುರುವಾರ.

*

ಮುಚ್ಚಳ ಹೊತ್ತು ತಂದು ಕೋಣೆಯ ಗೋಡೆಗೆ ಒರಗಿಸಿದ್ದೇ ತಡ, ಹಸಿ ಪಾಲಿಶಿನ ವಾಸನೆ ಮನೆಯೆಲ್ಲ ತುಂಬಿತು. ಮೇಸ್ತ್ರಿ ಅದನ್ನು ಯೋಚಿಸಿಯೇ ಇರಲಿಲ್ಲ.

"ಸತ್ತರೂ ವಾಸ್ನೆ ಬಿಟ್ಟಿಲ್ಲ ನೋಡು," ಎಂದಳು ಪಕ್ಕದ ಮನೆಯಾಕೆ.

"ಅದು ಪಾಲಿಶ್ ವಾಸ್ನೆ ಕಣಮ್ಮ," ಎಂದ ಬಣ್ಣದಂಗಡಿಯವನು.

"ಅವನು ಕುಡೀತಿದ್ದದ್ದೂ ಅದೇ ಅಲ್ವಾ?"

"ಈಗ ಬಿಟ್ಟಿದ್ದನಂತೆ."

"ಈಗ ಬಿಟ್ಟಿದಾನೆ ಬಿಡಿ, ಗ್ಯಾರಂಟಿ," ಎಂದಳು ಆಕೆ, ಪೆಟ್ಟಿಗೆಯ ಕಡೆ ಗಲ್ಲ ತಿರುಗಿಸಿ. ಒಬ್ಬಿಬ್ಬರು ನಗು ನುಂಗಿದರು.

ಮೇಸ್ತ್ರಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತ. ಕನ್ನಡಿಯ ಮೊಮ್ಮಗಳು, ನಾಲ್ಕು ವರ್ಷದ ಹುಡುಗಿ, ಅಲ್ಲೇ ಕುಳಿತು ಚಪ್ಪಲಿಯ ಪಟ್ಟಿ ಬಿಚ್ಚಿ ಹಾಕಿ ಮಾಡುತ್ತಿದ್ದಳು.

"ಮೇಸ್ತ್ರಿ ತಾತ ಅಂದ್ರೆ ನೀವೇನಾ?"

"ಹ್ಞೂಂ ಪುಟ್ಟಿ."

"ತಾತ ಹಾಲು ಕುಡಿದ್ರಾ?"

ಮೇಸ್ತ್ರಿ ಅವಳ ಕಡೆ ತಿರುಗಿದ. "ಯಾರು ಹೇಳಿದ್ದು ನಿಂಗೆ?"

"ತಾತಾನೇ. ಫೋನಲ್ಲಿ. ಅಮ್ಮಂಗೆ ಹೇಳ್ಬೇಡ ಅಂದ್ರು."

ಈ ಕೂಸಿಗೂ ಆ ಮಾತು ಕಲಿಸಿದನಲ್ಲ ಪಾಪಿ, ಎಂದುಕೊಂಡ ಮೇಸ್ತ್ರಿ. ಮನಸ್ಸಿನ ಮೂಲೆಯಲ್ಲಿ ಇದ್ದ ಒಂದಿಷ್ಟು ಅನುಮಾನವೂ ಹೋಯಿತು. ಸಂತೋಷ ತಡೆಯಲಾರದೆ ಕುಡಿದಿದ್ದಾನೆ, ಅವತ್ತಿನ ಹಾಗೆಯೇ.

ಮಗಳು ಬಾಗಿಲಲ್ಲಿ ನಿಂತು ಕರೆದಳು. "ಮಾಮ, ಸ್ವಲ್ಪ ಒಳಗೆ ಬನ್ನಿ."

ಅಡುಗೆಮನೆಯಲ್ಲಿ ನಲ್ಲಿ ಸಣ್ಣಗೆ ಸುರಿಯುತ್ತಿತ್ತು. ಅವಳು ನಾಲ್ಕು ಲೋಟ ತೊಳೆದು ಬೋರಲು ಹಾಕಿದ್ದಳು.

"ಒಂದೇ ಮಾತು ಕೇಳ್ತೀನಿ. ಅಪ್ಪ ಕುಡಿದಿದ್ರಾ?"

"ಡಾಕ್ಟ್ರು ಎದೆ ನಿಂತಿದೆ ಅಂದ್ರಲ್ಲಮ್ಮ."

"ಡಾಕ್ಟ್ರು ಏನಂದ್ರು ಅಂತ ನಾನು ಕೇಳ್ಲಿಲ್ಲ. ಒಂದ್ಸಲ ಡಾಕ್ಟ್ರಿಗೆ ನೀವೇನಂದ್ರಿ ಅಂತ ನಂಗೆ ಗೊತ್ತು." ಅವಳ ದನಿ ಏರಲಿಲ್ಲ. "ಆ ಕಡೆ ನಿಂತ್ರೆ ನೀವು ನಂಗೆ ಕಾಣಲ್ಲ ಮಾಮ. ಈ ಕಡೆ ಬಂದು ಹೇಳಿ."

ಮೇಸ್ತ್ರಿ ಅವಳ ಬಲಕ್ಕೆ ಬಂದು ನಿಂತ.

"ನಮ್ಮನೇಲಿ ಅಪ್ಪಂಗೆ ಅಂತ ಒಂದು ಕೋಣೆಗೆ ಬಣ್ಣ ಹೊಡೆಸಿದೀನಿ. ಮಗು ಇರೋ ಮನೆ, ಬೇಡ ಅಂದ್ರು ನಮ್ಮನೆಯವ್ರು. ಅವರು ಬಿಟ್ಟಿದಾರೆ, ನಾನು ಜವಾಬ್ದಾರಿ ಅಂದೆ. ನಾನು ಅಂದಿದ್ದು ನಿಜಾನಾ ಸುಳ್ಳಾ, ಅಷ್ಟು ಗೊತ್ತಾದ್ರೆ ಸಾಕು. ನಿಜ ಆದ್ರೆ ಮಣ್ಣು ಮಾಡೋವರ್ಗೂ ಇರ್ತೀನಿ. ಅಳೋದಿದೆ, ಅತ್ತು ಹೋಗ್ತೀನಿ."

ಒಂದು "ಇಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ಮೇಸ್ತ್ರಿಯ ನಾಲಿಗೆಯ ತುದಿಗೆ ಅದು ಬಂದೂ ಇತ್ತು. ಆದರೆ ಆ ಒಂದು ಕಣ್ಣು ಅವನನ್ನೇ ನೋಡುತ್ತಿತ್ತು. ಇವಳಿಗೆ ಇನ್ನೊಂದು ಸುಳ್ಳು ಹೇಳಿದರೆ ಅದನ್ನೂ ಕಿತ್ತ ಹಾಗೆ ಅನ್ನಿಸಿತು ಅವನಿಗೆ.

"ಹಾಲಿತ್ತು ಮಗಳೇ," ಎಂದ. "ಲೋಟದಲ್ಲಿ ಹಾಲಿತ್ತು."

ಆ ಮಾತಿನ ಅರ್ಥ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳು ಅಳಲಿಲ್ಲ. ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು.

"ಭಾನುವಾರಕ್ಕೆ ಮೂರು ದಿನ ಇತ್ತು," ಎಂದಳು. "ಮೂರೇ ದಿನ."

ಹೊರಗೆ ಹೋಗಿ ಮಗುವನ್ನು ಎತ್ತಿಕೊಂಡು ಚೀಲ ತರಲು ಮುಂದಿನ ಕೋಣೆಗೆ ಬಂದಳು. ಜನ ದಾರಿ ಬಿಟ್ಟರು. ಪೆಟ್ಟಿಗೆ ಅವಳ ಎಡಕ್ಕಿತ್ತು. ಅವಳು ತಲೆ ತಿರುಗಿಸಲಿಲ್ಲ.

*

ಮಣ್ಣು ಮಾಡಲು ಹೋದವರು ಎಂಟು ಜನ. ಮುಚ್ಚಳ ಇನ್ನೂ ಅಂಟುತ್ತಿತ್ತು. ಇಳಿಸುವಾಗ ಹಿಡಿದವರ ಬೆರಳಿನ ಗುರುತೆಲ್ಲ ಅದರ ಮೇಲೆ ಉಳಿಯಿತು. "ಅವನು ನೋಡಿದ್ರೆ ಪೂರ್ತಿ ಕೆರೆದು ಮತ್ತೆ ಹಾಕು ಅಂತಿದ್ದ," ಎಂದ ಕುಶನ್. ಅವನ ಕಂಕುಳಲ್ಲಿ ಹೊಸ ಅಂಗಿಯ ಪೊಟ್ಟಣ ಹಾಗೇ ಇತ್ತು. ತೊಡಿಸಲು ಮರೆತಿದ್ದರು.

ಮಧ್ಯಾಹ್ನ ಮೇಸ್ತ್ರಿ ಒಬ್ಬನೇ ಶೆಡ್ಡಿಗೆ ಬಂದ. ಆ ಬಟ್ಟೆ ಯಾರ ಕಣ್ಣಿಗೂ ಬೀಳದ ಹಾಗೆ ಸುಟ್ಟುಬಿಡಬೇಕಿತ್ತು. ಹಲಗೆಗಳ ಹಿಂದೆ ಕೈ ಹಾಕಿದ. ಪಾಲಿಶ್ ಒರೆಸಿದ ಬಟ್ಟೆ ಒಂದು ದಿನಕ್ಕೆ ಮರದ ಚಕ್ಕೆಯ ಹಾಗೆ ಸೆಟೆದುಕೊಳ್ಳುತ್ತದೆ, ನೆಲಕ್ಕೆ ಬಡಿದರೆ ಟಪ್ಪೆನ್ನುತ್ತದೆ. ಮೂವತ್ತು ವರ್ಷ ಅಂಥ ಬಟ್ಟೆಗಳನ್ನು ಎಸೆದ ಕೈ ಅದು. ಅದಕ್ಕೇ ಗಟ್ಟಿಯಾದದ್ದನ್ನು ಹುಡುಕಿತು.

ಸಿಕ್ಕಿದ್ದು ಮೆತ್ತಗಿತ್ತು.

ಹೊರಗೆಳೆದ. ಬಟ್ಟೆಯ ಮೇಲೆ ಇರುವೆ. ಬಟ್ಟೆಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ಇರುವೆ ಸಾಲು. ಅವನ ಬೆರಳಿಗೂ ಹತ್ತಿದವು. ಮೂಗಿಗೆ ಹಿಡಿದ. ಮೊಲೆಹಾಲು ಕಕ್ಕಿದ ಕೂಸಿನ ಅಂಗಿಯ ಹುಳಿ ವಾಸನೆ.

ಬಟ್ಟೆ ಹಿಡಿದು ಹಾಗೇ ರಸ್ತೆ ದಾಟಿದ. ಎದುರಿನ ಚಹಾ ಅಂಗಡಿಯವಳು ಅವನನ್ನು ಕಂಡವಳೇ ಕಣ್ಣೊರೆಸಿಕೊಂಡಳು.

"ಇಂಥ ಹೊತ್ತಲ್ಲಿ ಕೇಳ್ಬಾರ್ದು ಮೇಸ್ತ್ರಿ, ನನ್ನ ಗಾಜಿನ ಲೋಟ ಒಂದು ನಿಮ್ಮ ಶೆಡ್ಡಲ್ಲಿದೆ."

"ಅದ್ರಲ್ಲಿ ಏನು ಕೊಟ್ಟಿದ್ದೆ?"

"ಹಾಲು. ಮತ್ತಿನ್ನೇನು? ನಾಲ್ಕು ದಿನದಿಂದ ನಾನು ಬಾಗಿಲು ತೆಗೆಯೋ ಹೊತ್ತಿಗೇ ಬಂದು ನಿಲ್ತಿದ್ರು. ಮೊದಲ್ನೇ ದಿನ ಒಂದು ಗುಟುಕು ಕುಡಿದು ಇಲ್ಲೇ ರಸ್ತೇಲಿ ಕಕ್ಕಿದ್ರು. ಯಾಕಣ್ಣ ಈ ಶಿಕ್ಷೆ ಅಂದೆ. ಮೊಮ್ಮಗಳು ಹಾಲು ಕುಡಿಯಲ್ವಂತೆ, ತಾತ ಜೊತೇಲಿ ಕುಡಿದ್ರೆ ಕುಡೀತಾಳಂತೆ. ಭಾನುವಾರದೊಳಗೆ ಕಲೀಬೇಕು ಅಂದ್ರು. ನಿನ್ನೆ ಅಂತೂ, ಇವತ್ತು ಅರ್ಧ ಮಾಡ್ತೀನಿ ನೋಡ್ತಿರು ಅಂತ ತಗೊಂಡು ಹೋದ್ರು."

ಅರ್ಧ ಮಾಡಿದ್ದ.

ಮೇಸ್ತ್ರಿ ಬಸ್‌ಸ್ಟ್ಯಾಂಡಿಗೆ ಓಡಿದ. ಬಸ್ಸು ಹೋಗಿತ್ತು. ಫೋನು ಮಾಡಿದ, ಎತ್ತಲಿಲ್ಲ. ಮಾರನೇ ವಾರ ಅವಳ ಊರಿಗೇ ಹೋದ. ಗಂಡ ಬಾಗಿಲು ಅರ್ಧ ತೆರೆದು, ಇನ್ನು ಈ ಕಡೆ ಬರಬೇಡಿ ಎಂದ. ಬಟ್ಟೆ ತೋರಿಸಲು ಹೋದರೆ ಕುಡಿದಿದ್ದೀರಾ ಎಂದು ಕೇಳಿದ. ಮೂರನೇ ಸಲ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು.

ಈಗ ಮೇಸ್ತ್ರಿಗೆ ಬಾಯಿ ಬಿದ್ದುಹೋಗಿದೆ. ಒಂದು ಮಗ್ಗುಲು ಆಡುವುದಿಲ್ಲ. ಅದಕ್ಕೇ ಅವನ ಬದಲು ನಾನು, ಆ ಶೆಡ್ಡಿನ ಮೂರನೆಯವ, ಕಿರುಚುತ್ತಿದ್ದೇನೆ. ಈ ರೆಕಾರ್ಡಿಂಗ್ ಕೇಳಿಸಿಕೊಂಡು ಸುಮ್ಮನಿರಬೇಡಿ, ಮುಂದಕ್ಕೆ ಕಳಿಸಿ. ನಿಮಗೆ ಗೊತ್ತಿಲ್ಲದಿದ್ದರೆ ನಿಮಗೆ ಗೊತ್ತಿರುವವರಿಗೆ ಗೊತ್ತಿರಬಹುದು. ಎಡಗಣ್ಣು ಕಾಣದ ಹೆಂಗಸು, ನಲವತ್ತರ ಹತ್ತಿರ. ಜೊತೆಗೆ ಹದಿಮೂರು ವರ್ಷದ ಮಗಳು. ಮಾತಾಡುವಾಗ ನಿಮ್ಮನ್ನು ತನ್ನ ಬಲಕ್ಕೆ ಕರೆದು ನಿಲ್ಲಿಸಿಕೊಳ್ಳುತ್ತಾಳೆ. ಸಿಕ್ಕರೆ ಹೇಳಿ. ಬಟ್ಟೆ ಮೇಸ್ತ್ರಿಯ ತಲೆದಿಂಬಿನ ಪಕ್ಕ, ತಗಡಿನ ಡಬ್ಬಿಯಲ್ಲಿದೆ. ಹಳದಿಯಾಗಿದೆ, ವಾಸನೆ ಹೋಗಿದೆ. ಸೆಟೆದಿಲ್ಲ, ಮಡಚಿದರೆ ಇವತ್ತಿಗೂ ಮಡಚಿಕೊಳ್ಳುತ್ತದೆ.