ಚಂದ್ರಕಲಾ ಮೇಡಂ ಒಪ್ಪದ ರಾಜಿ

ಚಂದ್ರಕಲಾ ಮೇಡಂ ಸಿಟ್ಟಾಗಿದ್ದಾರೆಂದು ತಿಳಿಯಲು ಅವರ ಮುಖ ನೋಡಬೇಕಿಲ್ಲ, ಮಾತು ಕೇಳಿದರೆ ಸಾಕು. ತರಗತಿಯಲ್ಲಿ ನಿರರ್ಗಳವಾಗಿ ಹರಿಯುವ ಅವರ ಗ್ರಾಂಥಿಕ ಕನ್ನಡ ಸಿಟ್ಟು ಬಂದ ಕ್ಷಣವೇ ಮಾಯವಾಗಿ, ಹುಟ್ಟೂರು ಪಾಲಹಳ್ಳಿಯ ಭಾಷೆ ಬಾಯಿಗೆ ಬಂದುಬಿಡುತ್ತದೆ. 'ಹಾಗಲ್ಲ' ಎನ್ನುತ್ತಿದ್ದವರು 'ಅಂಗಲ್ಲ ಕಣಪ್ಪಾ' ಎಂದರೆಂದರೆ ಎದುರಿಗಿದ್ದವರು, ಪ್ರಾಂಶುಪಾಲರೇ ಆಗಿರಲಿ, ಕುರ್ಚಿಯನ್ನು ತುಸು ಹಿಂದಕ್ಕೆಳೆದುಕೊಳ್ಳುವುದು ಕ್ಷೇಮ. ಈಚೆಗಂತೂ ಅವರ ಗ್ರಾಂಥಿಕ ಕನ್ನಡ ಕೇಳುವ ಭಾಗ್ಯ ಸಹೋದ್ಯೋಗಿಗಳಿಗೆ ಅಪರೂಪವಾಗಿದೆ.

ಸಿಟ್ಟಿಗೆ ಕಾರಣ ಅವರ ಕೆಲಸ. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ ವಿಚಾರಿಸಲು ಸಮಿತಿಯೊಂದಿರಬೇಕು. ಬಹಳ ಕಡೆ ಆ ಸಮಿತಿಯೆಂದರೆ ನೋಟೀಸ್ ಬೋರ್ಡಿನ ಮೇಲೆ ಧೂಳು ಹಿಡಿದ ಹೆಸರುಗಳು, ಅಷ್ಟೇ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ತೊಟ್ಟು, ಬಸ್ಸು ತಪ್ಪಿಹೋಗುವವರಂತೆ ಸದಾ ದಾಪುಗಾಲಿಕ್ಕುವ ಈ ಹೆಂಗಸು ಕೆ.ಆರ್. ಪೇಟೆಯಲ್ಲಿ, ನಾಗಮಂಗಲದಲ್ಲಿ, ಈಗ ಪಾಂಡವಪುರದ ಕಡೆಯ ಕಾಲೇಜೊಂದರಲ್ಲಿ (ಹೆಸರು ಬೇಡ ಬಿಡಿ) ಅಂಥ ಸಮಿತಿಗೆ ಜೀವ ತುಂಬಿ, ಅದಕ್ಕೆ ಬಹುಮಾನವಾಗಿ ವರ್ಗಾವಣೆಗಳನ್ನು ಸಂಪಾದಿಸಿದವರು. ವರ್ಷದ ಮೊದಲ ದಿನ ಉಳಿದವರು ಹುಡುಗಿಯರಿಗೆ ಬಟ್ಟೆಬರೆಯ ಉಪದೇಶ ಮಾಡಿದರೆ, ಇವರು ಹುಡುಗಿಯರನ್ನು ಟೀ ಕುಡಿಯಲು ಕಳಿಸಿ ಹುಡುಗರನ್ನು ಕೂರಿಸಿಕೊಂಡು ಮಾತಾಡುತ್ತಾರೆ. ಶಿಕ್ಷೆ ಕೊಟ್ಟು ಕೈತೊಳೆದುಕೊಂಡರೆ ನ್ಯಾಯ ಪೂರ್ತಿಯಾಗದು, ನೊಂದವಳು ಒಪ್ಪಿದರೆ ನೋಯಿಸಿದವನು ಅವಳೆದುರು ನಿಂತು ಉತ್ತರ ಕೊಡಬೇಕು, ಕೆಡಿಸಿದ್ದನ್ನು ಸರಿಪಡಿಸಬೇಕು ಎಂಬುದು ಅವರ ನಂಬಿಕೆ. ಅದನ್ನು ನಮ್ಮ ಜನ ಅರ್ಥಮಾಡಿಕೊಂಡ ಚಂದವೇ ಚಂದ: "ಓ, ರಾಜಿ ಪಂಚಾಯ್ತಿನಾ? ಅದು ನಮ್ಗೆ ಗೊತ್ತಿಲ್ವಾ, ಬುಡಿ ಮೇಡಂ!"

ಗೊತ್ತಿದ್ದ ಪರಿಯನ್ನು ಉಮಳ ಪ್ರಕರಣದಲ್ಲಿ ನೋಡಬೇಕಿತ್ತು. ಕ್ಯಾತನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಪದವಿಯ ಕೊನೆಯ ವರ್ಷದ ಹುಡುಗಿ. ಗ್ರಂಥಾಲಯದ ಕಪಾಟಿನ ಹಿಂದೆ ಸಹಪಾಠಿ ತಿಮ್ಮೇಶ ಅವಳ ಬಾಯಿ ಮುಚ್ಚಿ ಮೈಮೇಲೆ ಕೈಹಾಕಿದ್ದ. ಅವಳು ದೂರು ಕೊಟ್ಟಳು. ಮೇಡಂ ಊರಲ್ಲಿಲ್ಲದ ಹೊತ್ತು ನೋಡಿ ಪ್ರಾಂಶುಪಾಲ ಶ್ರೀರಾಮ್ ಎರಡೂ ಮನೆಯವರನ್ನು ಕರೆಸಿ, ಖಾರಾಬಾತು ತರಿಸಿ, ಕೂರಿಸಿಬಿಟ್ಟರು. ಸುದ್ದಿ ತಿಳಿದು ಅರ್ಧ ದಾರಿಯಿಂದಲೇ ವಾಪಸಾದ ಮೇಡಂ ಬಾಗಿಲು ತಳ್ಳಿಕೊಂಡು ಬಂದಾಗ ತಿಮ್ಮೇಶ ಉಮಳ ತಂದೆ ಚಿಕ್ಕಸ್ವಾಮಿಯವರ ಕಾಲಿಗೆ ಬಿದ್ದಿದ್ದ; ಅವರು ಅವನ ಭುಜ ಹಿಡಿದೆತ್ತುತ್ತ, "ಏಳ್ಲಾ ಮಗಾ, ಆಗಿದ್ದಾಯ್ತು" ಎನ್ನುತ್ತಿದ್ದರು. ಮಗಳನ್ನು ಕಾಲೇಜು ಬಿಡಿಸಲು ಟೀಸಿ ಕೇಳಿದ ಅರ್ಜಿ ಮೇಜಿನ ಮೇಲಿತ್ತು. ಉಮ ಗೋಡೆಗೊರಗಿ ನಿಂತಿದ್ದಳು. ಅವಳಿಗೊಂದು ಕುರ್ಚಿ ಕೊಡಬೇಕೆಂದು ಅಲ್ಲಿದ್ದ ಯಾವ ದೊಡ್ಡಮನುಷ್ಯನಿಗೂ ತೋಚಿರಲಿಲ್ಲ. ಥೂ, ಇದೂ ಒಂದು ನ್ಯಾಯ!

"ನೀನು ಅನ್ಯಾಯ ಮಾಡಿದ್ದು ಯಾರಿಗ್ಲಾ? ಇವ್ರಿಗಾ?" ಎಂದು ತಿಮ್ಮೇಶನನ್ನು ಕೇಳಿದ ಮೇಡಂ, ಕುರ್ಚಿಯೊಂದನ್ನು ಎಳೆದು ಉಮಳನ್ನು ಕೂರಿಸಿದರು. "ನಿಂಗೇನ್ ಬೇಕವ್ವಾ? ಏನೂ ಬ್ಯಾಡ, ಮನೇಗೋಯ್ತೀನಿ ಅಂದ್ರೂ ಸರಿಯೆ."

ಉಮ ತಲೆಯೆತ್ತಿದಳು. "ಅವ್ನ್ ಕ್ಷಮೆ ನಂಗ್ ಬ್ಯಾಡ ಮೇಡಂ. ತಪ್ಪಾಯ್ತು ತಪ್ಪಾಯ್ತು ಅಂತಾನೆ. ಏನ್ ಮಾಡ್ದೆ ಅಂತ ನಮ್ಮಪ್ಪನ ಮುಂದೆ ಅವ್ನೇ ಹೇಳ್ಲಿ. ನನ್ ಬಾಯಲ್ಲಿ ಹೇಳಕ್ಕಾಯ್ತಿಲ್ಲ."

ತಿಮ್ಮೇಶನ ಸೋದರಮಾವ ಶಿವಣ್ಣ ಎದ್ದುನಿಂತರು. "ಎಣ್ಮಕ್ಳ ಮುಂದೆ ಅಂಥ ಮಾತಾಡಿಸ್ತೀರಾ? ಮಾನ ಮರ್ವಾದೆ ಬ್ಯಾಡ್ವಾ?"

"ಅವ್ನು ಮಾಡೋವಾಗ ಇಲ್ದೇ ಇದ್ದ ಮರ್ವಾದೆ ಬಾಯ್ಬುಡೋವಾಗ ಎಲ್ಲಿಂದ ಬಂತು ಶಿವಣ್ಣೋರೆ? ಕೂತ್ಕಳಿ."

ಶಿವಣ್ಣ ಕೂತರು. ತಿಮ್ಮೇಶ ತೊದಲುತ್ತ, ಅರ್ಧ ನುಂಗಿ ಅರ್ಧ ಹೇಳಿದ. ಮೇಡಂ ತಡೆದು ಮೊದಲಿಂದ ಹೇಳಿಸಿದರು. ಹುಡುಗರ ಚೇಷ್ಟೆ ಎಂದಷ್ಟೇ ಅಲ್ಲಿಯತನಕ ಕೇಳಿಸಿಕೊಂಡಿದ್ದ ಚಿಕ್ಕಸ್ವಾಮಿ, ಮಗಳ ಬಾಯಿ ಮುಚ್ಚಿದ ಮಾತು ಬಂದಾಗ, ಅವನನ್ನು ಹಿಡಿದೆತ್ತಿದ್ದ ಕೈಗಳನ್ನು ಪಂಚೆಗೆ ಒರೆಸಿಕೊಳ್ಳತೊಡಗಿದರು. ಆಮೇಲೆ ಎದ್ದು ಮೇಜಿನ ಮೇಲಿನ ಅರ್ಜಿ ಹರಿದರು. "ನನ್ ಮಗ್ಳು ಯಾಕ್ ಸಾರ್ ಕಾಲೇಜು ಬುಡ್ಬೇಕು? ಬುಡೋನು ಅವ್ನು." ಸಮಿತಿ ವಿಚಾರಣೆ ನಡೆಸಿ ಆ ವರ್ಷ ತಿಮ್ಮೇಶನನ್ನು ಹೊರಗಿಟ್ಟಿತು, ಉಮ ಪರೀಕ್ಷೆ ಬರೆದಳು.

ಇಂಥ ಹೆಂಗಸರನ್ನು ಗಯ್ಯಾಳಿ ಎಂದು ಕರೆದು ನಿಶ್ಚಿಂತರಾಗುವುದು ನಮ್ಮ ರೂಢಿ. ಅವರ ಕೋಪ ಸ್ವಭಾವದೋಷ, ನಮ್ಮ ಸಮಾಧಾನ ಸದ್ಗುಣ ಎಂದು ನಂಬಿಕೊಂಡು ಹಾಯಾಗಿದ್ದೇವೆ. ತಂದೆಯರು, ಮಾವಂದಿರು, ಮೇಷ್ಟ್ರುಗಳು, ಊರಿನ ಒಳ್ಳೆಯವರೆಲ್ಲ ಸಿಟ್ಟಾಗಲೇಬೇಕಾದ ಹೊತ್ತಿನಲ್ಲಿ ಸಿಟ್ಟಾಗದೆ ಕೂತದ್ದರಿಂದಲೇ, ಅಷ್ಟು ಜನರ ಸಿಟ್ಟನ್ನೂ ಇಂಥವಳೊಬ್ಬಳು ಜೀವಮಾನವೆಲ್ಲ ಹೊರಬೇಕಾಗುತ್ತದೆ.